ಹೊಸ ಹೇಂಟೆಯನ್ನು ಹಳೆ ಕೋಳಿಗಳು ಕುಕ್ಕಿ ಕುಕ್ಕಿ ಓಡಿಸುತ್ತಿವೆ, ಏನು ಮಾಡಲಿ?

ಹಿತ್ತಲ ಗೂಡು, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಉತ್ತರ ಬೇಕಿತ್ತು, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆ ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ, ಊರ ಹೊರಗಿದೆ. ಹಿತ್ತಲಲ್ಲಿ ಐದು ನಾಟಿ ಹೇಂಟೆ, ಒಂದು ಹುಂಜ ಇದ್ದವು. ಎರಡೂವರೆ ವರ್ಷದಿಂದ ಒಟ್ಟಿಗೇ ಬೆಳೆದ ಗುಂಪು. ಹೋದ ತಿಂಗಳು ಒಂದು ಹೇಂಟೆಯನ್ನು ಮುಂಗುಸಿ ಹಿಡಿಯಿತು. ಮಕ್ಕಳು ತುಂಬ ಬೇಜಾರು ಮಾಡಿಕೊಂಡರು, ಹಾಗಾಗಿ ನಾಲ್ಕು ದಿನದ ಹಿಂದೆ ಸಂತೆಯಿಂದ ಗಿರಿರಾಜ ತಳಿಯ ಒಂದು ಎಳೆ ಹೇಂಟೆ ತಂದೆವು. ನಾಲ್ಕು ತಿಂಗಳಿನದು ಅಂದರು. ಇನ್ನೂ ಮೊಟ್ಟೆಗೆ ಬಂದಿಲ್ಲ. ಮಗಳು ಅದಕ್ಕೆ ಮಲ್ಲಿ ಅಂತ ಹೆಸರಿಟ್ಟಿದ್ದಾಳೆ.

ತಂದ ದಿನವೇ ಸಂಜೆ ಕಾಳು ಹಾಕುವ ಹೊತ್ತಿಗೆ ಗುಂಪಿನ ನಡುವೆ ಬಿಟ್ಟೆ. ಒಂದು ಕ್ಷಣ ಎಲ್ಲವೂ ತಲೆ ಎತ್ತಿ ನಿಂತವು. ಆಮೇಲೆ ಕೆಂಪಿ, ಅಂದರೆ ಹಳೇ ಯಜಮಾನಿ, ಒಂದು ರೆಕ್ಕೆ ಇಳಿಬಿಟ್ಟುಕೊಂಡು ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಬಂದು ನೆತ್ತಿಗೇ ಕುಕ್ಕಿತು. ಅದರ ಹಿಂದೆ ಬೂದಿ ಅನ್ನುವ ಇನ್ನೊಂದು ಹೇಂಟೆ. ಮಲ್ಲಿ ಗಾತ್ರದಲ್ಲಿ ಆಗಲೇ ಅವುಗಳಷ್ಟೇ ದಪ್ಪ ಇದೆ, ಆದರೂ ತಿರುಗಿ ಬೀಳಲೇ ಇಲ್ಲ. ಓಡಿ ಹೋಗಿ ಸೌದೆ ರಾಶಿಯ ಮೂಲೆಗೆ ಮುಖ ತೂರಿಸಿ ನಿಂತುಬಿಟ್ಟಿತು. ಹಿಂಭಾಗ ಪೂರ್ತಿ ಹೊರಗೆ, ತಲೆ ಮಾತ್ರ ಒಳಗೆ. ಹಾಗೆ ನಿಂತರೆ ಯಾರೂ ಕಾಣುವುದಿಲ್ಲ ಅಂದುಕೊಂಡಿತೋ ಏನೋ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಎರಡು ದಿನದಲ್ಲಿ ಸರಿಹೋಗುತ್ತವೆ ಅಂತ ಅಕ್ಕಪಕ್ಕದವರು ಹೇಳಿದರು. ಸರಿಹೋಗಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಕುತ್ತಿಗೆಯ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪುಕ್ಕ ಕಿತ್ತು ರಕ್ತ ಬಂದಿದೆ. ನಿನ್ನೆಯಿಂದ ಸರಿಯಾಗಿ ಕಾಳು ತಿಂದಿಲ್ಲ. ಹುಂಜ ಏನೂ ಮಾಡುತ್ತಿಲ್ಲ, ಹೇಂಟೆಗಳದೇ ಕಾಟ.

ವಾಪಸ್ ಕೊಡಲು ಮನಸ್ಸಿಲ್ಲ. ಇದನ್ನು ಗುಂಪಿಗೆ ಸೇರಿಸುವ ಸರಿಯಾದ ದಾರಿ ಯಾವುದು? ಅನುಭವ ಇರುವವರು ದಯವಿಟ್ಟು ಹೇಳಿ.

---

ತೋಟದ ದಾರಿ, ಸಕಲೇಶಪುರ

ಮೊದಲು ಮಲ್ಲಿಯನ್ನು ಈಗಲೇ ಬೇರೆ ಮಾಡಿ. ಉಳಿದಿದ್ದನ್ನು ಆಮೇಲೆ ಓದಿ. ರಕ್ತ ಕಂಡ ಮೇಲೆ ಕೋಳಿಗಳು ನಿಲ್ಲಿಸುವುದಿಲ್ಲ. ಕೆಂಪು ಬಣ್ಣ ಕಂಡಲ್ಲೇ ಕುಕ್ಕುತ್ತವೆ, ಅಲ್ಲಿಯವರೆಗೆ ಸುಮ್ಮನಿದ್ದ ಕೋಳಿಯೂ ಬಂದು ಸೇರಿಕೊಳ್ಳುತ್ತದೆ.

ಗಾಯಕ್ಕೆ ಉಗುರುಬೆಚ್ಚಗಿನ ಉಪ್ಪು ನೀರಲ್ಲಿ ಬಟ್ಟೆ ಅದ್ದಿ ಮೆತ್ತಗೆ ಒರೆಸಿ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಮಳೆಗಾಲ ಆದ್ದರಿಂದ ನೊಣ ಕೂತು ಹುಳ ಬೀಳುತ್ತದೆ, ದಿನಕ್ಕೆ ಎರಡು ಸಲ ಪುಕ್ಕ ಸರಿಸಿ ನೋಡಲೇಬೇಕು. ನಮ್ಮಲ್ಲಿ ಒಂದು ಸಲ ಮೇಲಿಂದ ಒಣಗಿದ ಹಾಗೆ ಕಾಣುತ್ತಿತ್ತು. ಒಳಗೆ ಹುಳ ತುಂಬಿತ್ತು.

ಈಗ ಸೇರಿಸುವ ವಿಷಯ. ನಾನು ಹದಿನೈದು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ, ಇದನ್ನು ತಪ್ಪಾಗಿ ಮಾಡಿಯೇ ಕಲಿತಿದ್ದು. ಕೋಳಿಗಳಿಗೆ ತಮ್ಮ ತಮ್ಮಲ್ಲಿ ಒಂದು ಸಾಲು ಇರುತ್ತದೆ. ಯಾರು ಮೊದಲು ತಿನ್ನಬೇಕು, ರಾತ್ರಿ ಮಲಗುವ ಗಳದ ಮೇಲೆ ಯಾರು ಯಾವ ಜಾಗದಲ್ಲಿ ಕೂರಬೇಕು, ಎಲ್ಲ ನಿಗದಿ. ಒಂದನೆಯದು ಎಲ್ಲರನ್ನೂ ಕುಕ್ಕಬಹುದು, ಕೊನೆಯದನ್ನು ಎಲ್ಲರೂ ಕುಕ್ಕಬಹುದು. ಇದನ್ನು ಮೊದಲು ಬರೆದಿಟ್ಟವರು ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್ ಎಬ್ಬೆ, 1921ರಲ್ಲಿ. ಚಿಕ್ಕಂದಿನಿಂದ ಕೋಳಿಗಳನ್ನೇ ನೋಡುತ್ತಾ ಬೆಳೆದವರು. ನಿಮ್ಮ ಗುಂಪಿನಲ್ಲಿ ಒಂದು ಹೇಂಟೆ ಹೋದಾಗಲೇ ಆ ಸಾಲು ಸ್ವಲ್ಪ ಅಲ್ಲಾಡಿರುತ್ತದೆ. ಅದರ ಮೇಲೆ ಗೊತ್ತಿಲ್ಲದ ಮುಖ ಒಂದು ನೇರ ಕಾಳಿನ ಹೊತ್ತಿಗೇ ಬಂದು ನಿಂತರೆ ಕೆಂಪಿ ಸುಮ್ಮನಿರುತ್ತದಾ? ಕೆಂಪಿಯ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅದು ತನ್ನ ಮನೆ ಕಾಯುತ್ತಿದೆ.

ಗೂಡಿನ ಒಳಗೋ ಅಥವಾ ಗೂಡಿಗೆ ತಾಗಿಕೊಂಡೋ ತಂತಿ ಬಲೆ ಹಾಕಿ ಒಂದು ಪಾಲು ಮಾಡಿ. ಮಲ್ಲಿ ಬಲೆಯ ಆ ಕಡೆ, ಹಳೆಯವು ಈ ಕಡೆ. ನೋಡಬಹುದು, ಮುಟ್ಟುವಂತಿಲ್ಲ. ಬಲೆಯ ಎರಡೂ ಕಡೆ ಹತ್ತಿರ ಹತ್ತಿರವೇ ಕಾಳು ಹಾಕಿ. ಮೊದಲ ಎರಡು ಮೂರು ದಿನ ಕೆಂಪಿ ಬಲೆಗೇ ಬಂದು ಕುಕ್ಕುತ್ತದೆ, ಆಮೇಲೆ ಅದಕ್ಕೇ ಸಾಕಾಗುತ್ತದೆ. ಎರಡೂ ಕಡೆಯವು ಬಲೆ ಪಕ್ಕದಲ್ಲೇ ಮಣ್ಣು ಕೆದಕಿಕೊಂಡು, ಒಂದರ ಕಡೆ ಒಂದು ನೋಡದೆ ಮೇಯಲು ಶುರುಮಾಡಿದರೆ ಹದ ಬಂತು ಅಂತ ಅರ್ಥ. ಅದಕ್ಕೆ ಒಂದು ವಾರ ಸಾಕಾಗಬಹುದು, ಎರಡು ವಾರ ಹಿಡಿಯಬಹುದು. ಕ್ಯಾಲೆಂಡರ್ ನೋಡಬೇಡಿ, ಕೋಳಿ ನೋಡಿ.

ಇನ್ನೊಂದು ಮಾತು. ಒಂದೇ ಒಂದು ತಂದಿದ್ದೇ ಕಷ್ಟಕ್ಕೆ ಕಾರಣ. ಎರಡು ಅಥವಾ ಮೂರು ತಂದಿದ್ದರೆ ಕುಕ್ಕುವುದು ಹಂಚಿ ಹೋಗುತ್ತಿತ್ತು, ಅವುಗಳಿಗೂ ಜೊತೆ ಇರುತ್ತಿತ್ತು. ಹಾಗಂತ ಈಗ ಓಡಿ ಹೋಗಿ ಇನ್ನೊಂದು ತರಬೇಡಿ. ಇದು ಸರಿಯಾಗಲಿ.

---

ಬಯಲ ಗಾಳಿ, ಕಡೂರು

ಇಷ್ಟೆಲ್ಲ ಬೇಕಾ? ನಮ್ಮಜ್ಜಿ ಕಾಲದಿಂದ ಮಾಡುವುದು ಒಂದೇ ಕೆಲಸ. ರಾತ್ರಿ ಎಲ್ಲ ಕೋಳಿ ಮಲಗಿದ ಮೇಲೆ ಹೊಸದನ್ನು ಎತ್ತಿಕೊಂಡು ಹೋಗಿ ಗಳದ ಮೇಲೆ ಅವುಗಳ ಪಕ್ಕದಲ್ಲಿ ಕೂರಿಸುವುದು. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸದ್ದಿಲ್ಲದೆ ಕೂರುತ್ತವೆ. ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲ ಒಟ್ಟಿಗೇ ಆಚೆ ಬರುತ್ತವೆ. ಒಂದೆರಡು ಕುಕ್ಕು ಬೀಳುತ್ತದೆ, ಅಷ್ಟೇ. ನಮ್ಮ ಮನೆಯಲ್ಲಿ ಹೀಗೆ ಎಷ್ಟೋ ಕೋಳಿ ಸೇರಿಸಿದ್ದೇವೆ, ಒಂದಕ್ಕೂ ರಕ್ತ ಬಂದಿಲ್ಲ.

---

ತೋಟದ ದಾರಿ, ಸಕಲೇಶಪುರ

ರಾತ್ರಿ ಸೇರಿಸುವುದು ಒಳ್ಳೆಯದೇ, ನಾನೂ ಹಾಗೇ ಮಾಡುತ್ತೇನೆ. ಆದರೆ ಬಲೆಯ ಆಚೆ ಈಚೆ ಇಟ್ಟು ಮುಖ ಪರಿಚಯ ಆದ ಮೇಲೆ. ನಿಮ್ಮಲ್ಲಿ ಬರೀ ರಾತ್ರಿ ಕೂರಿಸಿದ್ದೇ ಸಾಕಾಯಿತು ಅಂದರೆ ಅದಕ್ಕೆ ಬಯಲು ದೊಡ್ಡದಾಗಿರುವುದು ಕಾರಣ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೊಸ ಕೋಳಿಗೆ ಓಡಿ ಹೋಗಲು ಜಾಗ ಇದೆ, ರಾಗಿ ಹೊಲ ಇದೆ, ಬೇಲಿ ಇದೆ. ಹಾಸನದ ಹಿತ್ತಲಲ್ಲಿ ನಾಲ್ಕು ಗೋಡೆ ನಡುವೆ ಅದು ಎಲ್ಲಿಗೆ ಓಡಬೇಕು? ಹೋಗುವ ದಾರಿ ಇಲ್ಲದ ಕೋಳಿ ಮೂಲೆಗೆ ಮುಖ ಹಾಕಿ ನಿಲ್ಲುತ್ತದೆ. ಮಲ್ಲಿ ಮಾಡಿದ್ದು ಅದನ್ನೇ.

---

ಬಯಲ ಗಾಳಿ, ಕಡೂರು

ಇದು ಸರಿ. ನಮ್ಮಲ್ಲಿ ಕೋಳಿಗಳು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಆ ವ್ಯತ್ಯಾಸ ನಾನು ಯೋಚನೆ ಮಾಡಿರಲಿಲ್ಲ.

---

ಪಶುವೈದ್ಯೆ, ಚಿಕ್ಕಮಗಳೂರು

ಕುಕ್ಕಾಟದ ಬಗ್ಗೆ ಒಳ್ಳೆಯ ಸಲಹೆ ಬಂದಿದೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಬೇರೆ ವಿಷಯಕ್ಕೆ. ಸಂತೆಯಿಂದ ತಂದ ಕೋಳಿಯನ್ನು ಅದೇ ಸಂಜೆ ಗುಂಪಿಗೆ ಬಿಟ್ಟಿದ್ದೀರಿ.

ಸಂತೆಯಲ್ಲಿ ಹತ್ತು ಊರಿನ ಕೋಳಿಗಳು ಒಂದೇ ಬುಟ್ಟಿಯಲ್ಲಿ ಇರುತ್ತವೆ. ಅಲ್ಲಿ ರಾಣಿಖೇತ್ ರೋಗ, ನಮ್ಮ ಕಡೆ ಕೊಕ್ಕರೆ ರೋಗ ಅನ್ನುತ್ತಾರಲ್ವಾ, ಅದು ತಗುಲಿದ್ದರೆ ಎರಡು ದಿನದಲ್ಲೂ ಕಾಣಬಹುದು, ಹದಿನೈದು ದಿನವೂ ಹಿಡಿಯಬಹುದು. ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚಿಕೊಳ್ಳುವುದು. ಅದು ಬಂದ ಮೇಲೆ ಔಷಧಿ ಇಲ್ಲ, ಲಸಿಕೆ ಹಾಕಿಸದ ಗುಂಪಾದರೆ ಹಿತ್ತಲು ಪೂರ್ತಿ ಖಾಲಿಯಾಗುತ್ತದೆ. ನೆಗಡಿಯ ರೋಗಗಳು ಇನ್ನೊಂದು ಥರ. ಒಮ್ಮೆ ಬಂದು ವಾಸಿಯಾದ ಕೋಳಿ ನೋಡಲು ಗಟ್ಟಿಮುಟ್ಟಾಗಿರುತ್ತದೆ, ಆದರೆ ರೋಗವನ್ನು ಹೊತ್ತುಕೊಂಡೇ ತಿರುಗುತ್ತದೆ. ಅದಕ್ಕೇ ಹೊಸ ಕೋಳಿಯನ್ನು ಮೂರರಿಂದ ನಾಲ್ಕು ವಾರ ದೂರ ಇಡಬೇಕು ಅನ್ನುವುದು. ಬಲೆ ಪಕ್ಕ ಅಲ್ಲ, ಮನೆಯ ಇನ್ನೊಂದು ಕಡೆ, ಗಾಳಿ ನೀರು ಯಾವುದೂ ಹಂಚಿಕೊಳ್ಳದ ಹಾಗೆ. ಬಲೆಯ ಪರಿಚಯ ಆಮೇಲಿನ ಹೆಜ್ಜೆ.

ನಿಮ್ಮದು ಆಗಲೇ ಬೆರೆತಿದೆ, ಹಾಗಂತ ಕೈಬಿಡಬೇಡಿ. ಮಲ್ಲಿಯನ್ನು ಈಗಲಾದರೂ ದೂರ ಇಡಿ, ಗಾಯವೂ ಮಾಯಬೇಕು. ಬೆಳಿಗ್ಗೆ ಮೊದಲು ಹಳೆ ಕೋಳಿಗಳ ಕೆಲಸ ಮುಗಿಸಿ, ಕೊನೆಗೆ ಮಲ್ಲಿಯ ಹತ್ತಿರ ಹೋಗಿ. ಅಲ್ಲಿಗೆ ಬೇರೆ ಚಪ್ಪಲಿ, ಬೇರೆ ನೀರಿನ ಮಡಕೆ, ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮೂರು ವಾರ ಎರಡೂ ಕಡೆಯವುಗಳ ಹಿಕ್ಕೆ ನೋಡಿ, ರಾತ್ರಿ ಗೂಡಿನ ಹತ್ತಿರ ನಿಂತು ಗೊರಗೊರ ಸದ್ದು ಕೇಳುತ್ತದಾ ಗಮನಿಸಿ, ಕಣ್ಣಲ್ಲಿ ನೊರೆ ಇದೆಯಾ ನೋಡಿ. ಅಷ್ಟು ದಿನ ನಿಮ್ಮ ಕೋಳಿ ಯಾರಿಗೂ ಕೊಡಬೇಡಿ, ಇನ್ನೊಂದು ತರಲೂ ಬೇಡಿ. ಬಾಲದ ಕೆಳಗಿನ ಪುಕ್ಕ ಬಿಡಿಸಿ ಹೇನು ಇದೆಯಾ ಅಂತಲೂ ನೋಡಿಕೊಳ್ಳಿ.

ಲಸಿಕೆ ಆಗಿದೆಯಾ? ಎಂಟು ವಾರ ದಾಟಿದ ಕೋಳಿಗೆ ರಾಣಿಖೇತ್ ತಡೆಯುವ ಆರ್‌ಟುಬಿ ಲಸಿಕೆ ಕೊಡುತ್ತಾರೆ, ಸೂಜಿಯಲ್ಲಿ. ಆರೋಗ್ಯವಾಗಿರುವ ಕೋಳಿಗೆ ಮಾತ್ರ. ಒಂದು ಬಾಟಲಿಯಲ್ಲಿ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿಗೆ ಅಂತ ಒಂದು ಬಾಟಲಿ ಒಡೆಯುವುದು ಕಷ್ಟ, ಆದ್ದರಿಂದ ಬೀದಿಯಲ್ಲಿ ಕೋಳಿ ಇರುವವರನ್ನೆಲ್ಲ ಸೇರಿಸಿಕೊಂಡು ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ.

---

ಹಿತ್ತಲ ಗೂಡು, ಹಾಸನ

ಓದಿ ಎದೆ ಧಸಕ್ ಅಂದಿತು. ಹಳೆಯವಕ್ಕೆ ಮರಿ ಇದ್ದಾಗ ಕಣ್ಣಿಗೆ ಹನಿ ಹಾಕಿಸಿದ್ದೆವು, ಆಮೇಲೆ ಏನೂ ಇಲ್ಲ. ಮಲ್ಲಿಯದು ಗೊತ್ತಿಲ್ಲ. ನಾಳೆಯೇ ಆಸ್ಪತ್ರೆಯಲ್ಲಿ ಕೇಳುತ್ತೇನೆ.

ಮಲ್ಲಿಯನ್ನು ಮನೆ ಮುಂದಿನ ಹಳೆ ಬಚ್ಚಲು ಕೋಣೆಗೆ ಹಾಕಿದ್ದೇನೆ. ಗಾಯ ತೊಳೆದು ಔಷಧಿ ಹಚ್ಚಿದೆ. ಕೈಯಲ್ಲಿ ಹಿಡಿದಾಗ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ನೆನೆಸಿದ ರಾಗಿ ಇಟ್ಟೆ, ನಾನು ಬಾಗಿಲು ಹಾಕಿದ ಮೇಲೆ ತಿಂದಿತು.

ಇನ್ನೊಂದು ಪ್ರಶ್ನೆ. ಮೂರು ವಾರ ಆದ ಮೇಲೂ ಮಳೆಗಾಲವೇ ಇರುತ್ತದೆ. ಜಡಿಮಳೆ ಹಿಡಿದರೆ ಕೋಳಿಗಳು ದಿನವಿಡೀ ಗೂಡಿನೊಳಗೇ ಇರುತ್ತವೆ. ಗೂಡು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಆಗ ಸೇರಿಸಬಹುದಾ?

---

ಮಳೆನಾಡು, ಮೂಡಿಗೆರೆ

ಮಳೆ ವಿಷಯಕ್ಕೆ ನಾನು ಹೇಳುತ್ತೇನೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ದಾರಿಯೇ ಇಲ್ಲ.

ಒಂದು ಕೋಳಿಗೆ ಗೂಡಿನೊಳಗೆ ನಾಲ್ಕು ಚದರ ಅಡಿ ಲೆಕ್ಕ ಇಟ್ಟುಕೊಳ್ಳಿ. ನಿಮ್ಮದು ಇಪ್ಪತ್ನಾಲ್ಕು ಚದರ ಅಡಿ, ಮಲ್ಲಿ ಸೇರಿ ಆರು ಕೋಳಿ. ಲೆಕ್ಕಕ್ಕೆ ಸರಿಯಾಗಿದೆ, ಆದರೆ ಅದು ರಾತ್ರಿ ಮಲಗಲು. ಹಗಲೂ ಅಲ್ಲೇ ಇರಬೇಕು ಅಂದರೆ ಇಕ್ಕಟ್ಟು. ಗೂಡಿನ ಮುಂದೆ ತಗಡು ಅಥವಾ ಟಾರ್ಪಾಲಿನ್ ಇಳಿಸಿ ನೆನೆಯದ ಒಂದು ಅಂಗಳ ಮಾಡಿಕೊಳ್ಳಿ, ದುಡ್ಡು ಹಾಕಬೇಕಾದ ಜಾಗ ಅದೇ. ನಮ್ಮಲ್ಲಿ ಹಾಗೆ ಮಾಡಿದ ವರ್ಷದಿಂದ ಜಗಳ ಅರ್ಧಕ್ಕೆ ಇಳಿಯಿತು.

ಆ ಅಂಗಳ ಖಾಲಿ ಬಿಡಬೇಡಿ. ಮಗುಚಿದ ಮಂಕರಿ, ಓರೆಯಾಗಿ ಒರಗಿಸಿದ ಹಲಗೆ, ಒಂದೆರಡು ಕಾಫಿ ಗಿಡದ ಬೊಡ್ಡೆ ಇಡಿ. ಮಲ್ಲಿ ಅದರ ಹಿಂದೆ ಹೋದರೆ ಕೆಂಪಿಯ ಕಣ್ಣಿಂದ ಮರೆಯಾಗಬೇಕು, ಆದರೆ ಎರಡು ಕಡೆಯಿಂದಲೂ ಹೊರಬರಲು ದಾರಿ ಇರಬೇಕು. ಒಂದೇ ಬಾಯಿ ಇರುವ ಪೆಟ್ಟಿಗೆ ಇಟ್ಟರೆ ಅದು ಬೋನು. ಕಾಳು, ನೀರು ಎರಡು ಮೂರು ಕಡೆ ಇಡಿ, ಒಂದರ ಹತ್ತಿರ ನಿಂತರೆ ಇನ್ನೊಂದು ಕಾಣಬಾರದು. ಯಜಮಾನಿ ಎಷ್ಟೇ ಜೋರಿದ್ದರೂ ಒಂದೇ ಸಲ ಮೂರು ಕಡೆ ಕಾಯಲು ಆಗುವುದಿಲ್ಲ. ಒಂದು ಎಲೆಕೋಸನ್ನೋ ನುಗ್ಗೆ ಸೊಪ್ಪಿನ ಕಟ್ಟನ್ನೋ ಕತ್ತಿನ ಎತ್ತರಕ್ಕೆ ತೂಗುಹಾಕಿ. ಹೊತ್ತು ಹೋಗುತ್ತದೆ ಅವಕ್ಕೆ.

ನೆಲ ಒಣಗಿರಲಿ. ಭತ್ತದ ಹೊಟ್ಟು ದಪ್ಪಗೆ ಹಾಕಿ, ದಿನಾ ಬೆರಳಾಡಿಸಿ ನೋಡಿ, ಗಂಟು ಕಟ್ಟಿದ್ದರೆ ತೆಗೆದುಹಾಕಿ. ನಾವು ಸಿಲ್ವರ್ ಓಕ್‌ನ ಒಣ ಎಲೆಯನ್ನು ಬೇಸಿಗೆಯಲ್ಲೇ ಚೀಲ ತುಂಬಿ ಇಟ್ಟುಕೊಳ್ಳುತ್ತೇವೆ. ಒದ್ದೆ ನೆಲದಲ್ಲಿ ಎಳೆ ಕೋಳಿಗೆ ರಕ್ತಭೇದಿ ಬೇಗ ಬರುತ್ತದೆ. ಕುಕ್ಕಿಸಿಕೊಂಡು ಸರಿಯಾಗಿ ತಿನ್ನದೆ ಸೊರಗಿದ ಕೋಳಿಗೆ ಇನ್ನೂ ಬೇಗ.

ಗಳ ಎಷ್ಟು ಎತ್ತರಕ್ಕೆ ಇದೆ? ಗಿರಿರಾಜ ಭಾರದ ಕೋಳಿ. ನಾಟಿ ಕೋಳಿ ಹಾರಿ ಮಾಡಿಗೇ ಹೋಗಿ ಕೂರುತ್ತದೆ, ಇದಕ್ಕೆ ಅದು ಆಗುವುದಿಲ್ಲ. ಎತ್ತರದಿಂದ ಧುಮುಕಿದರೆ ಕಾಲು, ಪಾದಕ್ಕೆ ಪೆಟ್ಟು. ಒಂದೂವರೆ ಅಡಿ ಎತ್ತರಕ್ಕೆ ಇನ್ನೊಂದು ಗಳ ಕಟ್ಟಿ, ಮಲ್ಲಿಗೆ ತನ್ನದೇ ಜಾಗ ಸಿಗುತ್ತದೆ.

---

ತೋಟದ ದಾರಿ, ಸಕಲೇಶಪುರ

ಇದಕ್ಕೆ ಒಂದು ಸೇರಿಸುತ್ತೇನೆ. ಎಲ್ಲ ಮಾಡಿದ ಮೇಲೂ ಕೆಂಪಿ ಒಂದೇ ಹಠ ಹಿಡಿದು ಅಟ್ಟಾಡಿಸಿಕೊಂಡು ಹೋದರೆ ಮಲ್ಲಿಯನ್ನು ತೆಗೆಯಬೇಡಿ, ಕೆಂಪಿಯನ್ನು ತೆಗೆಯಿರಿ. ಮೂರು ನಾಲ್ಕು ದಿನ ಗುಂಪಿಗೆ ಕಾಣದ ಕಡೆ ಇಡಿ. ಅಷ್ಟರಲ್ಲಿ ಉಳಿದವು ಹೊಸದಾಗಿ ಸಾಲು ಮಾಡಿಕೊಳ್ಳುತ್ತವೆ. ವಾಪಸ್ ಬಂದ ಕೆಂಪಿಗೆ ತನ್ನ ಜಾಗ ಮತ್ತೆ ಹುಡುಕಿಕೊಳ್ಳುವ ಕೆಲಸ ಇರುತ್ತದೆ, ಮಲ್ಲಿ ಕಡೆ ಗಮನ ಹೋಗುವುದಿಲ್ಲ. ಮತ್ತೆ ಯಾವುದಾದರೂ ಹೇಂಟೆ ಕಾವಿಗೆ ಕೂತಿದ್ದರೆ ಆ ಇಪ್ಪತ್ತೊಂದು ದಿನ ಸೇರಿಸುವ ಕೆಲಸವೇ ಬೇಡ.

ಸಣ್ಣ ಕುಕ್ಕು ಬಿದ್ದರೆ ನಡುವೆ ಹೋಗಬೇಡಿ. ಒಂದು ಕುಕ್ಕಿ, ಇನ್ನೊಂದು ಪಕ್ಕಕ್ಕೆ ಸರಿದರೆ ಅಲ್ಲಿಗೆ ಮಾತು ಮುಗಿಯಿತು ಅಂತ. ನೆಲಕ್ಕೆ ಒತ್ತಿ ಹಿಡಿದು ಬಿಡದಿದ್ದರೆ, ಇಬ್ಬರು ಸೇರಿ ಒಂದನ್ನು ಹೊಡೆದರೆ, ರಕ್ತ ಬಂದರೆ, ಆಗ ಬಿಡಿಸಿ.

---

ಹಿತ್ತಲ ಗೂಡು, ಹಾಸನ

ಐದು ವಾರ ದಾಟಿತು. ಏನಾಯಿತು ಅಂತ ಹೇಳಲೇಬೇಕು ಅನ್ನಿಸಿತು, ನೀವೆಲ್ಲ ಅಷ್ಟು ಬರೆದಿದ್ದಿರಿ.

ದೇವರ ದಯೆ, ಯಾವ ಕೋಳಿಗೂ ರೋಗ ಬರಲಿಲ್ಲ. ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಲಸಿಕೆ ಹಾಕಿಸಿದೆವು. ಒಟ್ಟು ಮೂವತ್ತೆಂಟು ಕೋಳಿ. ಎರಡು ಮನೆಯವರು ಲಸಿಕೆ ಬಗ್ಗೆ ಕೇಳಿಯೇ ಇರಲಿಲ್ಲ.

ಮೂರೂವರೆ ವಾರ ಮಲ್ಲಿ ಬಚ್ಚಲು ಕೋಣೆಯಲ್ಲಿತ್ತು. ಒಂಟಿಯಾಗಿ ಕೂಗುತ್ತಿತ್ತು, ಮಗಳು ಶಾಲೆಯಿಂದ ಬಂದು ಬಾಗಿಲ ಹೊರಗೆ ಕೂತು ಪಾಠ ಓದುತ್ತಿದ್ದಳು. ಕುತ್ತಿಗೆಯಲ್ಲಿ ಮೊದಲು ಕಪ್ಪು ಮುಳ್ಳಿನ ಹಾಗೆ ಗರಿಮೊಳೆ ಬಂತು, ಈಗ ಪುಕ್ಕ ಮುಚ್ಚಿದೆ. ಆಮೇಲೆ ಗೂಡಿನ ಮುಂದೆ ತಗಡು ಇಳಿಸಿ, ಬಲೆ ಹಾಕಿ ಒಂಬತ್ತು ದಿನ ಇಟ್ಟೆವು. ಕೆಂಪಿ ಎರಡನೇ ದಿನವೂ ಬಲೆಗೆ ಎಗರಿ ಬಿತ್ತು. ಆರನೇ ದಿನ ಸಂಜೆ ನೋಡಿದರೆ ಬಲೆಯ ಈ ಕಡೆ ಕೆಂಪಿ, ಆ ಕಡೆ ಮಲ್ಲಿ, ಇಬ್ಬರೂ ಒಂದೇ ಬಿಸಿಲಿನ ತುಂಡಿನಲ್ಲಿ ಮಣ್ಣುಸ್ನಾನ ಮಾಡುತ್ತಿದ್ದರು. ಮಳೆ ಬಿಟ್ಟು ಅಷ್ಟು ಹೊತ್ತು ಬಿಸಿಲು ಬಂದಿದ್ದು ಆ ವಾರ ಅದೇ ಮೊದಲು.

ಬಲೆ ತೆಗೆಯುವ ದಿನ ಕಡೂರಿನವರು ಹೇಳಿದ ಹಾಗೆ ರಾತ್ರಿ ಎತ್ತಿಕೊಂಡು ಹೋಗಿ ಕೆಳಗಿನ ಗಳದ ಮೇಲೆ ಕೂರಿಸಿದೆ. ಬೆಳಿಗ್ಗೆ ಐದೂವರೆಗೇ ಎದ್ದು ಹೋಗಿ ನಿಂತೆ. ಕೆಂಪಿ ಒಂದು ಕುಕ್ಕು ಹಾಕಿತು, ಮಲ್ಲಿ ಮಂಕರಿ ಹಿಂದೆ ಹೋಯಿತು. ಕೆಂಪಿ ಹಿಂದೆಯೇ ಹೋಗಲಿಲ್ಲ, ಕಾಳಿಗೆ ಹೋಯಿತು. ಈಗ ಬೂದಿ ಮಾತ್ರ ದಿನಕ್ಕೆ ಒಂದೆರಡು ಸಲ ಅಟ್ಟುತ್ತದೆ, ಮೂರನೇ ಬೋಗುಣಿ ಇಟ್ಟ ಮೇಲೆ ಅದೂ ಕಡಿಮೆ. ಹಳೆಯವು ಮಧ್ಯೆ ಹತ್ತು ದಿನ ಮೊಟ್ಟೆ ಕಡಿಮೆ ಮಾಡಿದ್ದವು, ಮತ್ತೆ ಶುರುವಾಗಿದೆ.

ಒಂದು ಸಂದೇಹ ಇದೆ. ಹಳೆಯವಕ್ಕೆ ಮೊಟ್ಟೆ ಕೋಳಿ ಫೀಡ್ ಕೊಡುತ್ತಿದ್ದೇನೆ. ಮಲ್ಲಿ ಇನ್ನೂ ಮೊಟ್ಟೆ ಇಟ್ಟಿಲ್ಲ. ಅದನ್ನೇ ತಿಂದರೆ ಪರವಾಗಿಲ್ವಾ?

---

ಪಶುವೈದ್ಯೆ, ಚಿಕ್ಕಮಗಳೂರು

ತುಂಬ ಸಂತೋಷ ಆಯಿತು, ಮೂವತ್ತೆಂಟು ಕೋಳಿಗೆ ಲಸಿಕೆ ಅಂದರೆ ಸಣ್ಣ ಮಾತಲ್ಲ.

ಮೊಟ್ಟೆ ಕೋಳಿ ಫೀಡ್‌ನಲ್ಲಿ ಸುಣ್ಣದ ಅಂಶ ಜಾಸ್ತಿ. ಮೊಟ್ಟೆಗೆ ಬರದ ಕೋಳಿ ಅದನ್ನೇ ತಿಂಗಳುಗಟ್ಟಲೆ ತಿಂದರೆ ಮೂತ್ರಪಿಂಡಕ್ಕೆ ತೊಂದರೆ. ಒಟ್ಟಿಗೇ ಮೇಯುವಾಗ ಬೇರೆ ಬೇರೆ ಹಾಕಲು ಆಗುವುದಿಲ್ಲ, ಹಾಗಾಗಿ ಮಲ್ಲಿ ಮೊಟ್ಟೆ ಇಡುವವರೆಗೆ ಎಲ್ಲಕ್ಕೂ ಬೆಳೆಯುವ ಕೋಳಿಯ ಫೀಡ್ ಕೊಡಿ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಮೊಟ್ಟೆ ಇಡುವ ಹೇಂಟೆಗಳು ಬೇಕಾದಷ್ಟು ತಾವೇ ತಿನ್ನುತ್ತವೆ, ಮಲ್ಲಿ ಹೆಚ್ಚು ಮುಟ್ಟುವುದಿಲ್ಲ. ಜುಟ್ಟು ಕೆಂಪಗಾಗಿ, ನೀವು ಬೆನ್ನ ಮೇಲೆ ಕೈ ಇಟ್ಟರೆ ಮೈ ತಗ್ಗಿಸಿ ಕೂರಲು ಶುರುಮಾಡಿದರೆ ಮೊಟ್ಟೆಗೆ ಬಂತು ಅಂತ. ಆಗ ಹಳೇ ಫೀಡಿಗೆ ಬದಲಾಯಿಸಿ.

---

ಹಿತ್ತಲ ಗೂಡು, ಹಾಸನ

ಇವತ್ತೇ ಬದಲಾಯಿಸುತ್ತೇನೆ. ಜುಟ್ಟು ಹೋದ ವಾರದಿಂದ ಸ್ವಲ್ಪ ಕೆಂಪಗಾಗುತ್ತಿದೆ. ಮಗಳು ಆಗಲೇ ಒಂದು ಬುಟ್ಟಿಗೆ ಹುಲ್ಲು ಹಾಸಿ ಇಟ್ಟಿದ್ದಾಳೆ.